ಬಿಯರ್ ಬಾಕ್ಸನ್ನು ಅಟ್ಟದಿಂದ ಇಳಿಸಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ತಿಂಗಳು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಿಯರ್ ಬಗ್ಗೆ ಒಂದು ಪುಟ್ಟ ಬರಹ ಬಂದಿತ್ತು. ವೈನ್ ಥರ ಬಿಯರ್ ಕೂಡ ಇಟ್ಟಷ್ಟೂ ರುಚಿ, ಸ್ಟ್ರಾಂಗ್ ಬಿಯರ್ ಆದರಂತೂ ಹತ್ತು ವರ್ಷ ಇಡಬಹುದು ಅಂತ ಅದರಲ್ಲಿತ್ತು. ನಾನು ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಕೂತು ಮೊಬೈಲಿನಲ್ಲಿ ನಿಮ್ಮ ಪತ್ರಿಕೆ ಓದುವವನು. ಓದಿ, ಸ್ವಲ್ಪ ನಕ್ಕು, ಸುಮ್ಮನಾಗಿದ್ದೆ. ಆದರೆ ಅದೇ ವಾರ ಬೆಂಗಳೂರಿನಿಂದ ಅಕ್ಕನ ಮಗ ಫೋನ್ ಮಾಡಿದ. "ಮಾಮ, ಪೇಪರಲ್ಲಿ ಬಂದಿದೆ ನೋಡಿದ್ರಾ? ನಾನೂ ಒಂದು ಬಾಕ್ಸ್ ಸ್ಟ್ರಾಂಗ್ ತಂದು ಅಟ್ಟದ ಮೇಲೆ ಇಟ್ಟಿದ್ದೀನಿ, ಐದು ವರ್ಷ ಬಿಟ್ಟು ತೆಗೀತೀನಿ" ಅಂದ. ಯಾವ ಅಟ್ಟ ಅಂತ ಕೇಳಿದೆ. ಅಡುಗೆಮನೆ ಅಟ್ಟವಂತೆ. ಕೆಳಗೆ ಒಲೆ, ಮೇಲೆ ಬಿಸಿಲಿಗೆ ಕಾದ ತಾರಸಿ, ನಡುವೆ ನಮ್ಮ ಹುಡುಗನ ಹನ್ನೆರಡು ಬಾಟಲಿ. ಇವತ್ತೇ ಇಳಿಸು, ಫ್ರಿಜ್ಜಿಗೆ ಹಾಕು, ಸ್ನೇಹಿತರನ್ನು ಕರೆದು ಈ ತಿಂಗಳೇ ಮುಗಿಸು ಅಂದೆ. ಅವನಿಗೆ ಬೇಜಾರಾಯಿತು. "ಹಾಗಾದ್ರೆ ಪೇಪರಲ್ಲಿ ಬರೆದಿದ್ದು ಸುಳ್ಳಾ?" ಅಂದ.

ಪೂರ್ತಿ ಸುಳ್ಳಲ್ಲ, ಅದೇ ಕಷ್ಟ. ಅರ್ಧ ನಿಜ ಇರುವುದರಿಂದಲೇ ಈ ಪತ್ರ ಬರೆಯಬೇಕಾಯಿತು. ಸ್ವಲ್ಪ ಉದ್ದ ಆಗುತ್ತದೆ, ಕತ್ತರಿ ಹಾಕುವುದಾದರೆ ಹಾಕಿ, ಆದರೆ ಅಟ್ಟದ ವಿಷಯ ಮಾತ್ರ ಉಳಿಸಿ.

ಮೊದಲು ನಮ್ಮ ಕಡೆ 'ಸ್ಟ್ರಾಂಗ್' ಅಂದರೆ ಏನು ನೋಡೋಣ. ಬಾರಿನಲ್ಲಿ, ವೈನ್ ಶಾಪಿನಲ್ಲಿ ಸಿಗುವ 650 ಎಂ.ಎಲ್. ಬಾಟಲಿ, 8 ಪರ್ಸೆಂಟ್ ಒಳಗೆ ಆಲ್ಕೋಹಾಲ್. ಅದು ಲಾಗರ್, ಅಂದರೆ ತಂಪಿನಲ್ಲಿ ಹುದುಗಿಸಿದ ತಿಳಿ ಬಿಯರ್. ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಜೊತೆ ಅಕ್ಕಿಯನ್ನೋ ಸಕ್ಕರೆಯನ್ನೋ ಸೇರಿಸಿ ಏರಿಸಿದ ನಶೆ ಅದು, ಮೈ ತೆಳು. ಸೋಸಿ, ಪಾಶ್ಚರೀಕರಿಸಿ ತುಂಬುತ್ತಾರೆ, ಒಳಗೆ ಜೀವಂತ ಯೀಸ್ಟ್ ಇರುವುದಿಲ್ಲ. ಬೆಲ್ಜಿಯಂನವರೂ ಬಿಯರಿಗೆ ಸಕ್ಕರೆ ಹಾಕುತ್ತಾರೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅಲ್ಲಿ ಅದರ ಕೆಳಗೆ ಮಾಲ್ಟಿನ ಗಟ್ಟಿ ತಳಪಾಯ ಇರುತ್ತದೆ. ನಮ್ಮ ಸ್ಟ್ರಾಂಗನ್ನು ಚೆನ್ನಾಗಿ ತಣ್ಣಗೆ ಮಾಡಿ ಕಾಂಗ್ರೆಸ್ ಕಡ್ಲೆಬೀಜದ ಜೊತೆ ಕುಡಿಯಬೇಕು. ನಾನೂ ಊರಿಗೆ ಬಂದಾಗ ಹಾಗೇ ಕುಡಿಯುತ್ತೇನೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಕೂಡಿಟ್ಟರೆ ಅದು ಮಾಗುವುದಿಲ್ಲ. ಹಳಸುತ್ತದೆ.

ಹಳಸಿದ ಬಿಯರ್ ಹೇಗಿರುತ್ತದೆ ಗೊತ್ತಾ? ಮಳೆಗಾಲದಲ್ಲಿ ಒದ್ದೆಯಾದ ರಟ್ಟಿನ ಪೆಟ್ಟಿಗೆ ಮೂಸಿ ನೋಡಿ, ಅದೇ ವಾಸನೆ. ನಾನೆನಾಲ್ ಅನ್ನುವ ವಸ್ತುವಿನ ಕೆಲಸ ಅದು, ನೂರು ಕೋಟಿಯಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೂ ಮನುಷ್ಯರ ಮೂಗು ಹಿಡಿದುಬಿಡುತ್ತದೆ. ಬಾಟಲಿಯೊಳಗೆ ಉಳಿದ ಚೂರುಪಾರು ಆಮ್ಲಜನಕ, ಮುಚ್ಚಳದ ಸಂದಿನಿಂದ ವರ್ಷಗಟ್ಟಲೆ ನಿಧಾನ ನುಸುಳುವ ಗಾಳಿ, ಇವೆಲ್ಲ ಸೇರಿ ರುಚಿ ಕೆಡಿಸುತ್ತವೆ. ಶಾಖ ಜಾಸ್ತಿಯಾದಷ್ಟೂ ಇದು ಓಡುತ್ತದೆ. ಹತ್ತು ಡಿಗ್ರಿ ಏರಿದರೆ ಇಂಥ ಕ್ರಿಯೆಗಳ ವೇಗ ಎರಡು ಮೂರು ಪಟ್ಟಾಗುತ್ತದೆ ಅಂತ ಒಂದು ಅಂದಾಜು ಲೆಕ್ಕ ಇದೆ. ಬೆಂಗಳೂರಿನ ಏಪ್ರಿಲ್ ತಿಂಗಳು, ತಾರಸಿ ಕೆಳಗಿನ ಅಟ್ಟ, ನೀವೇ ಲೆಕ್ಕ ಹಾಕಿ. ಬೆಳಕು ಇನ್ನೊಂದು ಶತ್ರು. ಹಸಿರು ಬಾಟಲಿಯ ಬಿಯರನ್ನು ಬಿಸಿಲಲ್ಲಿ ಸ್ವಲ್ಪ ಹೊತ್ತು ಇಟ್ಟರೂ ಹಾಪ್ಸಿನ, ಅಂದರೆ ಬಿಯರಿಗೆ ಕಹಿಯನ್ನೂ ಘಮವನ್ನೂ ಕೊಡುವ ಹೂವಿನ, ಕಹಿ ಪದಾರ್ಥ ಒಡೆದು ಒಂಥರಾ ನಾತ ಬರುತ್ತದೆ. ಕಂದು ಬಾಟಲಿ ತಡೆಯುತ್ತದೆ, ಆದರೆ ಅದೂ ಪೂರ್ತಿ ಅಲ್ಲ.

ಹಾಗಾದರೆ ಇಡಬಹುದಾದ ಬಿಯರ್ ಯಾವುದು? ಇಲ್ಲಿನ ಆರ್ಡೆನ್ ಕಡೆಯ ರೋಶ್‌ಫೋರ್ ಮಠದ '10' ಇದೆ, 11.3 ಪರ್ಸೆಂಟ್. ಶಿಮೇ ಮಠದ ನೀಲಿ ಲೇಬಲ್ಲಿನದು, 9 ಪರ್ಸೆಂಟ್. ಅದು ಮೊದಲು ಕ್ರಿಸ್‌ಮಸ್‌ಗೆ ಅಂತ ಶುರುವಾಗಿದ್ದು, ಜನ ಬಿಡಲಿಲ್ಲ, ಆಮೇಲೆ ವರ್ಷವಿಡೀ ಮಾಡಿದರು. ವೆಸ್ಟ್‌ಫ್ಲೆಟೆರನ್ ಮಠದ ಹಳದಿ ಮುಚ್ಚಳದ '12', 10.2 ಪರ್ಸೆಂಟ್, ಅದನ್ನು ಬಹಳ ವರ್ಷ ಮೊದಲೇ ಬುಕ್ ಮಾಡಿ ಮಠದ ಬಾಗಿಲಿಗೇ ಹೋಗಿ ತರಬೇಕಿತ್ತು, ನಮ್ಮಲ್ಲಿ ಪ್ರಸಾದದ ಚೀಟಿ ಹಿಡಿದು ನಿಲ್ಲುವ ಹಾಗೆ. ಇಂಗ್ಲೆಂಡಿನ ಬಾರ್ಲಿವೈನ್‌ಗಳಿವೆ, ಹೆಸರಲ್ಲಿ ವೈನ್ ಇದ್ದರೂ ಅವು ಏಲ್ ಜಾತಿಯ ಗಟ್ಟಿ ಬಿಯರೇ. ಮ್ಯಾಂಚೆಸ್ಟರಿನ ಜೆ.ಡಬ್ಲ್ಯೂ. ಲೀಸ್‌ನವರು 1986ರಿಂದ ಮಾಡುವ ಹಾರ್ವೆಸ್ಟ್ ಏಲ್, ಲಂಡನ್ನಿನ ಫುಲ್ಲರ್ಸ್‌ನವರ ವಿಂಟೇಜ್ ಏಲ್. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾದವರ ಬಿಗ್‌ಫುಟ್, 9.6 ಪರ್ಸೆಂಟ್, 1983ರಿಂದ ಬರುತ್ತಿದೆ. ಇವೆಲ್ಲ ಕಂದು, ಕೆಂಪು, ಕಪ್ಪು ಬಣ್ಣದ, ಮಾಲ್ಟ್ ತುಂಬಿದ, ಗಟ್ಟಿ ಮೈಯ ಬಿಯರ್‌ಗಳು. ಎಷ್ಟೋ ಬಾಟಲಿಗಳ ತಳದಲ್ಲಿ ಯೀಸ್ಟ್ ಇನ್ನೂ ಬದುಕಿರುತ್ತದೆ. ಆ ಯೀಸ್ಟ್ ಬಾಟಲಿಯೊಳಗೆ ಉಳಿದ ಆಮ್ಲಜನಕವನ್ನು ಮೊದಲು ತಾನೇ ನುಂಗಿಬಿಡುತ್ತದೆ. ಆಲ್ಕೋಹಾಲ್ ಜಾಸ್ತಿ ಇರುವುದರಿಂದ ಬೇರೆ ಕ್ರಿಮಿ ಬೆಳೆಯುವುದು ಕಷ್ಟ. ಹುರಿದ ಮಾಲ್ಟಿನಲ್ಲಿ ಕೂಡ ಹಳಸುವುದನ್ನು ತಡೆಯುವ ಗುಣ ಇದೆ.

ನಮ್ಮ ಮನೆಗಳಲ್ಲಿ ಇದು ಹೊಸ ವಿಷಯವೇನಲ್ಲ ಅಲ್ವಾ? ಹುಣಸೆಹಣ್ಣು ಹೊಸದಕ್ಕಿಂತ ಒಂದು ವರ್ಷ ಕಳೆದು ಕಪ್ಪಾದದ್ದೇ ಗೊಜ್ಜಿಗೆ ಚೆಂದ ಅಂತ ಅಜ್ಜಿ ಹೇಳುತ್ತಿದ್ದರು. ಅಕ್ಕಿಯೂ ಹಳೆಯದೇ ಬೇಕು. ಹಾಗಂತ ಅಜ್ಜಿ ಕೊತ್ತಂಬರಿ ಸೊಪ್ಪನ್ನು ಭರಣಿಗೆ ಹಾಕಿ ಇಡುತ್ತಿರಲಿಲ್ಲ. ಯಾವುದು ಇಡುವ ಪದಾರ್ಥ, ಯಾವುದು ಅವತ್ತೇ ತಿನ್ನುವ ಪದಾರ್ಥ ಅನ್ನುವುದು ಅವರಿಗೆ ಗೊತ್ತಿತ್ತು. ನಿಮ್ಮ ಪುರವಣಿಯ ಬರಹದಲ್ಲಿ ತಪ್ಪಿದ್ದು ಇಷ್ಟೇ.

ಈಗ ನನ್ನ ಕಥೆ. ನಾನು ಇಲ್ಲಿಗೆ ಕೆಲಸಕ್ಕೆ ಅಂತ ಬಂದು 12 ವರ್ಷ ಆಯಿತು. ಮೊದಲು ಫ್ಲ್ಯಾಟ್, ಆಮೇಲೆ ಒಂದು ಹಳೆಯ ಇಟ್ಟಿಗೆ ಮನೆ ಬಾಡಿಗೆಗೆ ಸಿಕ್ಕಿತು. ಅದಕ್ಕೆ ಒಂದು ನೆಲಮಾಳಿಗೆ. ಹಿಂದೆ ಕಲ್ಲಿದ್ದಲು ತುಂಬುತ್ತಿದ್ದರಂತೆ, ಗೋಡೆಯಲ್ಲಿ ಇನ್ನೂ ಕಪ್ಪು ಇದೆ. ನನ್ನ ಹೆಂಡತಿ ಮೊದಲ ದಿನವೇ ಅದು ಉಪ್ಪಿನಕಾಯಿಗೆ ಅಂತ ತೀರ್ಮಾನ ಮಾಡಿದಳು. ಥರ್ಮಾಮೀಟರ್ ಇಟ್ಟು ನೋಡಿದೆ, ಚಳಿಗಾಲದಲ್ಲಿ 10, ಬೇಸಿಗೆಯಲ್ಲಿ ಎಷ್ಟು ಸೆಕೆ ಇದ್ದರೂ 16. ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಇದ್ದಾರೆ, ಬ್ರೂವರಿಯೊಂದರಲ್ಲಿ ದುಡಿದು ನಿವೃತ್ತರಾದವರು. ಒಂದು ಸಂಜೆ ಬೇಲಿ ಆಚೆಯಿಂದ ನಮ್ಮ ಒಗ್ಗರಣೆ ವಾಸನೆ ಹಿಡಿದು ಮಾತಿಗೆ ಬಂದವರು, ನೆಲಮಾಳಿಗೆ ನೋಡಿ, "ಇಲ್ಲಿ ಬರೀ ಮಾವಿನಕಾಯಿ ಇಡ್ತೀರಾ?" ಅಂತ ಕೇಳಿದರು. ಅಲ್ಲಿಂದ ಶುರು.

ಅಜ್ಜ ಕಲಿಸಿದ್ದು ಸಣ್ಣ ಸಣ್ಣ ವಿಷಯ. ಬಾಟಲಿ ನಿಲ್ಲಿಸಿ ಇಡು, ಮಲಗಿಸಬೇಡ. ವೈನ್ ಮಲಗಿಸುವುದು ಕಾರ್ಕ್ ಒಣಗಬಾರದು ಅಂತ. ಇಲ್ಲಿ ತಗಡಿನ ಮುಚ್ಚಳ, ನಿಲ್ಲಿಸಿದರೆ ಯೀಸ್ಟ್ ತಳದಲ್ಲಿ ಕೂರುತ್ತದೆ, ಸುರಿಯುವಾಗ ಕದಡುವುದಿಲ್ಲ. ಕಾರ್ಕ್ ಹಾಕಿದ ದೊಡ್ಡ ಬಾಟಲಿಗಳ ಬಗ್ಗೆ ಮಾತ್ರ ಇಲ್ಲಿನವರಲ್ಲೇ ಜಗಳ ಇದೆ, ನಾನು ಅದಕ್ಕೆ ಹೋಗಲ್ಲ. ಮುಚ್ಚಳದ ಮೇಲೆ ಮಾರ್ಕರ್‌ನಿಂದ ತಿಂಗಳು, ವರ್ಷ ಬರಿ. ಒಂದೇ ಬಿಯರನ್ನು ಒಂದು ಬಾಟಲಿ ತರಬೇಡ, ಆರು ತಾ, ಒಂದನ್ನು ಅವತ್ತೇ ಕುಡಿ. ಈ ಕೊನೆಯದನ್ನು ನಾನು ಮೊದಲ ಎರಡು ವರ್ಷ ಕೇಳಲಿಲ್ಲ. ಹೊಸದರಲ್ಲಿ ಹೇಗಿತ್ತು ಅಂತಲೇ ಗೊತ್ತಿಲ್ಲದೆ ಹಳೆಯದನ್ನು ಕುಡಿದು 'ಆಹಾ' ಅನ್ನುವವರ ಸಾಲಿಗೆ ನಾನೂ ಸೇರಿದ್ದೆ.

ಆ ಎರಡು ವರ್ಷದಲ್ಲಿ ಮಾಡಿದ ದಡ್ಡತನ ಒಂದೆರಡಲ್ಲ. ಒಂದು ಡಬಲ್ ಐಪಿಎ (ಹಾಪ್ಸ್ ಜಾಸ್ತಿ ಹಾಕಿದ ಇಂಡಿಯಾ ಪೇಲ್ ಏಲ್) ತಂದು ಎರಡು ವರ್ಷ ಇಟ್ಟೆ, 9 ಪರ್ಸೆಂಟ್ ಇದೆಯಲ್ಲ ಅಂತ. ತೆಗೆದರೆ ಮಾವು, ಕಿತ್ತಳೆ ಅಂತ ಹೊಗಳುತ್ತಿದ್ದ ಹಾಪ್ಸಿನ ಪರಿಮಳ ಒಂದಿಷ್ಟೂ ಇಲ್ಲ, ಬೆಂದ ತರಕಾರಿ ನೀರಿಗೆ ಜೇನು ಹಾಕಿದ ಹಾಗಿತ್ತು. ಐಪಿಎಯನ್ನು ಹಾಪ್ಸಿನ ಪರಿಮಳಕ್ಕಾಗಿಯೇ ಮಾಡುವುದು, ಮೊದಲು ಹೋಗುವುದೂ ಅದೇ. ನಶೆ ಎಷ್ಟಿದ್ದರೇನು. ಕಾಫಿ ಹಾಕಿದ ಕಪ್ಪು ಸ್ಟೌಟ್ ಇನ್ನೂ ವಿಚಿತ್ರ. ಹೊಸದರಲ್ಲಿ ಚಿಕ್ಕಮಗಳೂರಿನ ಕಾಫಿ ಪುಡಿ ಡಬ್ಬಿ ತೆಗೆದ ಹಾಗೆ ಘಮ್ಮೆಂದಿತ್ತು. ಒಂದೂವರೆ ವರ್ಷಕ್ಕೆ ಕಾಫಿ ಹೋಗಿ ದೊಣ್ಣೆಮೆಣಸಿನಕಾಯಿ ವಾಸನೆ ಬಂತು. ಕೆಟ್ಟ ಬಾಟಲಿ ಅಂದುಕೊಂಡೆ. ಅಜ್ಜ ಮೂಸಿ, ಕಾಫಿ ಹಾಕಿದವು ಹಳತಾದರೆ ಹೀಗೇ ಅಂದರು.

ಇನ್ನೊಂದು ನೆನಪಾದರೆ ಈಗಲೂ ಹೆಂಡತಿ ನಗುತ್ತಾಳೆ. ಮಗಳು ಹುಟ್ಟಿದ ವಾರ ಒಂದು ದೊಡ್ಡ ಬಾಟಲಿ ತಂದಿದ್ದೆ, ಅವಳ ಮದುವೆಗೆ ತೆಗೆಯೋಣ ಅಂತ. "ಎಲ್ಲರೂ ಮಗಳ ಮದುವೆಗೆ ಬಂಗಾರ ಕೂಡಿಟ್ಟರೆ ನಮ್ಮ ಮನೆಯವರು ಬೀರು ಕೂಡಿಡ್ತಾರೆ" ಅಂತ ಊರಿಗೆಲ್ಲ ಹೇಳಿದಳು. ಅನುಮಾನ ತಡೆಯಲಾಗದೆ ಹತ್ತನೇ ವರ್ಷಕ್ಕೇ ತೆಗೆದೆ. ಯಾವ ಬಿಯರ್ ಅಂತ ಹೆಸರು ಹೇಳಲ್ಲ, ತಪ್ಪು ಅದರದಲ್ಲ, ನನ್ನದು. ಗ್ಯಾಸ್ ಇರಲಿಲ್ಲ. ಬಣ್ಣ ಮಂಕು. ಸತ್ತ ಯೀಸ್ಟ್ ಕರಗಿ ಬಿಯರಿಗೇ ಸೇರಿಕೊಂಡಾಗ ಬರುವ ಸೋಯಾ ಸಾಸ್ ರುಚಿ ಬಾಯಿ ತುಂಬ. ಹುಬ್ಬಳ್ಳಿಯ ಗೆಳೆಯ ಒಂದು ಗುಟುಕು ಕುಡಿದು, "ಇದನ್ನ ಗೋಬಿ ಮಂಚೂರಿಗೆ ಹಾಕೋದ್ ಛಲೋ ನೋಡ್ರಿ" ಅಂದ.

ಅಲ್ಲಿಂದ ಬುದ್ಧಿ ಬಂತು. ಹಳತಾಗುವುದಕ್ಕೆ ಒಂದು ತುದಿ ಇದೆ. ಏರುತ್ತದೆ, ಒಂದಷ್ಟು ದಿನ ಮೇಲೆ ನಿಲ್ಲುತ್ತದೆ, ಆಮೇಲೆ ಇಳಿಯುತ್ತದೆ. ಆ ಇಳಿಯುವ ಭಾಗದ ಬಗ್ಗೆ ಯಾರೂ ಮಾತಾಡುವುದಿಲ್ಲ, ಯಾಕೆಂದರೆ ಹತ್ತು ವರ್ಷ ಕಾದವನಿಗೆ ಅದು ಚೆನ್ನಾಗಿಲ್ಲ ಅಂತ ಒಪ್ಪಿಕೊಳ್ಳಲು ಮನಸ್ಸು ಬರುವುದಿಲ್ಲ. ಇದನ್ನು ಪರೀಕ್ಷೆ ಮಾಡೋಣ ಅಂತಲೇ ಹೋದ ಡಿಸೆಂಬರಿನಲ್ಲಿ ನಾವು ನಾಲ್ಕು ಜನ ಕೂತೆವು. ನಾನು, ಹುಬ್ಬಳ್ಳಿಯವನು, ಮಂಗಳೂರಿನ ಒಬ್ಬರು, ಪಕ್ಕದ ಮನೆ ಅಜ್ಜ. ಹೆಂಡತಿ ಬಾಟಲಿಗಳಿಗೆ ಇಲ್ಲಿನ ಪೇಪರ್ ಸುತ್ತಿ ನಂಬರ್ ಹಾಕಿದಳು. ಯಾವುದು ಎಷ್ಟು ಹಳೆಯದು ಅಂತ ಅವಳೊಬ್ಬಳಿಗೇ ಗೊತ್ತು. ಫ್ರಿಜ್ಜಿನಿಂದ ತೆಗೆದದ್ದಲ್ಲ, ನೆಲಮಾಳಿಗೆಯ ತಂಪಲ್ಲೇ, ಸುಮಾರು 12 ಡಿಗ್ರಿ. ತೀರಾ ತಣ್ಣಗಿದ್ದರೆ ನಾಲಿಗೆ ಮರಗಟ್ಟುತ್ತದೆ, ಏನೂ ತಿಳಿಯುವುದಿಲ್ಲ. ಒಂದು ಬಾಟಲಿ 33 ಸೆಂಟಿಲೀಟರ್, ನಾಲ್ವರಿಗೆ ಹಂಚಿದರೆ ತಲಾ ಎಂಟು ಚಿಲ್ಲರೆ. 11 ಪರ್ಸೆಂಟಿನದನ್ನು ಅದಕ್ಕಿಂತ ಜಾಸ್ತಿ ಸುರಿದುಕೊಂಡರೆ ಮೂರನೇ ಗ್ಲಾಸಿಗೆ ಎಲ್ಲವೂ ಚೆನ್ನಾಗಿಯೇ ಇರುತ್ತದೆ, ಪರೀಕ್ಷೆ ಮುಗಿಯಿತು.

ಮೊದಲ ಸುತ್ತು ರೋಶ್‌ಫೋರ್ 10. ಅದೇ ವರ್ಷದ್ದು, ಮೂರು ವರ್ಷದ್ದು, ಏಳು ವರ್ಷದ್ದು. ಹೊಸದು ಜೋರು. ಬಾಳೆಹಣ್ಣು, ಕಾಳುಮೆಣಸು, ಹುರಿದ ಮಾಲ್ಟು, ಗಂಟಲಲ್ಲಿ ಆಲ್ಕೋಹಾಲಿನ ಬಿಸಿ, ಎಲ್ಲವೂ ಒಟ್ಟಿಗೆ ಮಾತಾಡುವ ಸೋದರಸಂಬಂಧಿಗಳ ಥರ. ಮೂರು ವರ್ಷದ್ದರಲ್ಲಿ ಗಲಾಟೆ ಇಲ್ಲ. ಬಾಳೆಹಣ್ಣು ಹೋಗಿದೆ. ಅದರ ಜಾಗದಲ್ಲಿ ಖರ್ಜೂರ, ಉತ್ತುತ್ತೆ, ನೆನೆಸಿದ ಒಣದ್ರಾಕ್ಷಿ. ಬಿಸಿ ಇದೆ, ಆದರೆ ಚುಚ್ಚುವುದಿಲ್ಲ. ಜೋನಿ ಬೆಲ್ಲದ ಒಂದು ಎಳೆ ಕೊನೆಯಲ್ಲಿ ಬಹಳ ಹೊತ್ತು ಉಳಿಯುತ್ತದೆ. ಏಳು ವರ್ಷದ್ದು ಇನ್ನೂ ನುಣುಪು, ಶೆರ್ರಿ ವೈನಿನ ಹಾಗೆ, ಆದರೆ ತೆಳ್ಳಗೆ. ಮೊದಲು ಮೈಗೆ ಅಂಟುತ್ತಿದ್ದ ಗಟ್ಟಿತನ ಕರಗಿ ನೀರಾದ ಹಾಗೆ, ಅಂಚಿನಲ್ಲಿ ರಟ್ಟಿನ ಸುಳಿವು. ನಾಲ್ವರಲ್ಲಿ ಮೂವರು ಮೂರು ವರ್ಷದ್ದಕ್ಕೇ ಮೊದಲ ನಂಬರ್ ಕೊಟ್ಟೆವು. ಮಂಗಳೂರಿನವರು ಹೊಸದಕ್ಕೆ ಕೊಟ್ಟರು. ನಾನು ಅಷ್ಟು ಜೋಪಾನ ಮಾಡಿದ್ದ ಏಳು ವರ್ಷದ್ದನ್ನು ಒಬ್ಬರೂ ಮುಟ್ಟಲಿಲ್ಲ. ಪೇಪರ್ ಸುತ್ತದೇ ಇದ್ದಿದ್ದರೆ ಖಂಡಿತ ಎಲ್ಲರೂ ಅದನ್ನೇ ಹೊಗಳುತ್ತಿದ್ದೆವು, ನಾನಂತೂ ಮೊದಲಿಗ.

ಒಂದು ವಿಷಯ ಹೇಳಲೇಬೇಕು. ಮೂರು ವರ್ಷದ್ದನ್ನು ಮೂಸಿದಾಗ ಹುಬ್ಬಳ್ಳಿಯವನು, "ಇದರಾಗ ಮೆಂತ್ಯ ಐತಿ" ಅಂದ. ಎಲ್ಲ ನಕ್ಕೆವು. ಮತ್ತೆ ಮೂಸಿದೆವು. ನಿಜ, ಹುರಿದ ಮೆಂತ್ಯದ ವಾಸನೆ ಎಲ್ಲೋ ಹಿಂದೆ ಇತ್ತು, ಮೆಂತ್ಯದ ಡಬ್ಬಿ ಖಾಲಿಯಾದ ಮೇಲೆ ಉಳಿಯುತ್ತದಲ್ಲ, ಅಂಥದ್ದು. ಆಮೇಲೆ ಓದಿದರೆ ಅದು ಸುಳ್ಳಲ್ಲ. ಸೊಟೊಲೋನ್ ಅಂತ ಒಂದು ವಸ್ತು ಇದೆ, ಮೆಂತ್ಯಕ್ಕೆ ಅದರದೇ ಆದ ವಾಸನೆ ಕೊಡುವುದು ಅದು. ಹಳೆಯ ಶೆರ್ರಿಯಲ್ಲಿ, ಪೋರ್ಟ್ ವೈನಿನಲ್ಲಿ, ಮಾಗಿದ ಬಿಯರಿನಲ್ಲಿ ಕೂಡ ಅದೇ ಹುಟ್ಟಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಬರೆಯುವವರು ಇದಕ್ಕೆ ಮೇಪಲ್ ಸಿರಪ್, ಕರಿ ಪೌಡರ್ ಅಂತ ಏನೇನೋ ಹೇಳುತ್ತಾರೆ. ನಮ್ಮವನು ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ. ಅಜ್ಜನಿಗೆ ಮೆಂತ್ಯದ ಡಬ್ಬಿ ತಂದು ತೋರಿಸಿದಾಗ ಅವರ ಮುಖ ನೋಡಬೇಕಿತ್ತು. ಐವತ್ತು ವರ್ಷದಿಂದ ಕುಡಿಯುತ್ತಿದ್ದದ್ದಕ್ಕೆ ಈಗ ಹೆಸರು ಸಿಕ್ಕಿತು ಅಂದರು.

ಎರಡನೇ ಸುತ್ತು ಬಿಗ್‌ಫುಟ್. ಕ್ಯಾಲಿಫೋರ್ನಿಯಾದಲ್ಲಿರುವ ಗೆಳೆಯ ತಂದುಕೊಟ್ಟ ಬೇರೆ ಬೇರೆ ಎರಡು ವರ್ಷದ ಬಾಟಲಿಗಳು. ಹೊಸದಾಗಿದ್ದಾಗ ಇದು ಹಾಗಲಕಾಯಿ, ಹಾಪ್ಸ್ ಅಷ್ಟು ಸುರಿದಿರುತ್ತಾರೆ. ಐದು ವರ್ಷ ದಾಟಿದ್ದರಲ್ಲಿ ಕಹಿ ಕೆಳಗಿಳಿದು ಮಾಲ್ಟಿನ ಕ್ಯಾರಮೆಲ್ ಮೇಲೆ ಬಂದಿತ್ತು. ಇಡುವುದರಿಂದ ನಿಜವಾಗಿ ಲಾಭವಾದದ್ದು ಅಂದರೆ ಇದೇ. ಹಾಪ್ಸಿನ ಕಹಿ ವರ್ಷಗಳಲ್ಲಿ ಕರಗುತ್ತ ಹೋಗುತ್ತದೆ, ಹಾಗಾಗಿ ಮೊದಲೇ ಕಹಿ ಜಾಸ್ತಿ ಇಟ್ಟುಕೊಂಡ ಬಾರ್ಲಿವೈನ್‌ಗೆ ಕಳೆದುಕೊಳ್ಳಲು ಏನಾದರೂ ಇರುತ್ತದೆ. ಶಿಮೇ ನೀಲಿಯ ಬಗ್ಗೆ ಜಾಸ್ತಿ ಹೇಳಲ್ಲ, ನಾಲ್ಕು ವರ್ಷದ್ದು ಚೆನ್ನಾಗಿತ್ತು, ಪೋರ್ಟ್ ವೈನ್ ಕಡೆ ವಾಲಿತ್ತು.

ಕೊನೆಗೆ ಓರ್ವಾಲ್, ಇಲ್ಲಿನ ಇನ್ನೊಂದು ಮಠದ ಬಿಯರ್. ಇದು ಸ್ಟ್ರಾಂಗೇ ಅಲ್ಲ, 6.2 ಪರ್ಸೆಂಟ್, ನನ್ನ ಮೇಲಿನ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುವ ಬಿಯರ್. ಇದರ ಗುಟ್ಟು ಬ್ರೆಟ್ಟನೊಮೈಸಿಸ್ ಅನ್ನುವ ಕಾಡು ಯೀಸ್ಟ್. ಅದು ಬಾಟಲಿಯೊಳಗೆ ತಿಂಗಳುಗಟ್ಟಲೆ ಕೂತು ಉಳಿದ ಸಕ್ಕರೆಯನ್ನು ಒಂದೊಂದೇ ತಿನ್ನುತ್ತದೆ. ಲೇಬಲ್ಲಿನಲ್ಲಿ ತುಂಬಿದ ದಿನ ಇರುತ್ತದೆ, ಅಲ್ಲಿಂದ ಐದು ವರ್ಷದ ಗಡುವೂ ಇರುತ್ತದೆ. ಹೊಸದು ಹಾಪ್ಸಿನ ಘಮ, ಕಹಿ. ಒಂದು ವರ್ಷ ಕಳೆದರೆ ಒಣ ಹುಲ್ಲು, ಚರ್ಮ, ಕೊಟ್ಟಿಗೆಯ ವಾಸನೆ. ಹಳ್ಳಿಯಲ್ಲಿ ಬೆಳೆದವರಿಗೆ ಅದು ಕೆಟ್ಟದ್ದಲ್ಲ, ಊರು ನೆನಪಾಗುತ್ತದೆ. ಇಲ್ಲಿನ ಕೆಲವು ಕೆಫೆಗಳಲ್ಲಿ ಎಳೆಯದು ಬೇಕಾ ಹಳೆಯದು ಬೇಕಾ ಅಂತ ಕೇಳಿಯೇ ಕೊಡುತ್ತಾರೆ. ನಮ್ಮ ಕಡೆ ಎಳನೀರು ಅಂಗಡಿಯವನು ಗಂಜಿ ಬೇಕಾ ನೀರು ಜಾಸ್ತಿ ಬೇಕಾ ಅಂತ ಕೇಳುವ ಹಾಗೆ.

ಇನ್ನು ನೂರು ವರ್ಷದ ಬಿಯರ್ ಕಥೆಗಳು. ನಿಮ್ಮ ಬರಹಗಾರರಿಗೆ ತಲೆ ತಿರುಗಿದ್ದು ಇಂಥವುಗಳಿಂದಲೇ ಇರಬೇಕು. ಇಂಗ್ಲೆಂಡಿನ ಡಾರ್ಚೆಸ್ಟರಿನಲ್ಲಿ ಎಲ್ಡ್ರಿಜ್ ಪೋಪ್ ಬ್ರೂವರಿಯವರು 1968ರಲ್ಲಿ ಕಾದಂಬರಿಕಾರ ಥಾಮಸ್ ಹಾರ್ಡಿಯವರು ತೀರಿಕೊಂಡ 40ನೇ ವರ್ಷಕ್ಕೆ ಅಂತ ಅವರ ಹೆಸರಿನಲ್ಲೇ ಒಂದು ಏಲ್ ಮಾಡಿದರು, 25 ವರ್ಷ ಇಡಬಹುದು ಅಂತ ಬಾಟಲಿಯ ಮೇಲೇ ಹಾಕುತ್ತಿದ್ದರು. ಬರ್ಟನ್ ಊರಿನ ಬಾಸ್ ಬ್ರೂವರಿಯ 1869ರ ರ್‍ಯಾಟ್‌ಕ್ಲಿಫ್ ಏಲ್ 2006ರಲ್ಲಿ ಅಲ್ಲಿನ ಹಳೆಯ ನೆಲಮಾಳಿಗೆಯಲ್ಲಿ ಸಿಕ್ಕಿತು, ಕುಡಿದವರು ಇನ್ನೂ ಚೆನ್ನಾಗಿದೆ ಅಂದರು. ಇವು ನಿಜ. ಆದರೆ ಇನ್ನೊಂದು ಕಥೆಯನ್ನು ಯಾರೂ ಹೇಳುವುದಿಲ್ಲ. 2010ರಲ್ಲಿ ಫಿನ್ಲೆಂಡಿನ ಆಲಂಡ್ ದ್ವೀಪಗಳ ಹತ್ತಿರ ಮುಳುಗಿದ್ದ ಹಡಗಿನಲ್ಲಿ 1840ರ ದಶಕದ ಬಿಯರ್ ಸಿಕ್ಕಿತು. ಸಮುದ್ರದ ತಳ, ಕತ್ತಲು, ಸದಾ ತಂಪು, ಇದಕ್ಕಿಂತ ಒಳ್ಳೆಯ ನೆಲಮಾಳಿಗೆ ಬೇಕಾ? ವಿಜ್ಞಾನಿಗಳು ತೆಗೆದು ಮೂಸಿದರೆ ಸುಟ್ಟ ರಬ್ಬರ್, ಕಳಿತ ಚೀಸ್, ಆಡಿನ ವಾಸನೆ. ಜೊತೆಗೆ ಸಮುದ್ರದ ನೀರೂ ಸೇರಿತ್ತು. ಬಾಟಲಿಗಳೇನೋ ಉಳಿದವು.

ಯಾರಾದರೂ ಕೇಳಬಹುದು, ಶಾಖ ಅಷ್ಟು ಕೆಟ್ಟದ್ದಾದರೆ ಬ್ರಿಟಿಷರು ಭಾರತಕ್ಕೆ ಹಡಗಿನಲ್ಲಿ ಬಿಯರ್ ಹೇಗೆ ಕಳಿಸುತ್ತಿದ್ದರು ಅಂತ. ನಮ್ಮ ಅಕ್ಕನ ಮಗ ಕೇಳಿಯೇಬಿಟ್ಟ. ಲಂಡನ್ನಿನ ಬೋ ಎಂಬಲ್ಲಿ ಹಾಡ್ಜ್‌ಸನ್ ಬ್ರೂವರಿ ಇತ್ತು, ಈಸ್ಟ್ ಇಂಡಿಯಾ ಕಂಪನಿಯ ಹಡಗುಕಟ್ಟೆ ಅದಕ್ಕೆ ಹತ್ತಿರ. ಅಲ್ಲಿಂದ ಮದ್ರಾಸಿಗೆ, ಕಲ್ಕತ್ತೆಗೆ ಪೀಪಾಯಿಗಳು ಬರುತ್ತಿದ್ದವು. ಇಂಗ್ಲೆಂಡಿನ ಹಳ್ಳಿ ಬಂಗಲೆಗಳಲ್ಲಿ ಅಕ್ಟೋಬರ್ ತಿಂಗಳು ಮಾಡಿ ವರ್ಷಾನುಗಟ್ಟಲೆ ನೆಲಮಾಳಿಗೆಯಲ್ಲಿಡುವ ಗಟ್ಟಿ ಬಿಯರಿನ ಜಾತಿ ಅದು, ಹಾಪ್ಸ್ ವಿಪರೀತ. ಆಫ್ರಿಕಾದ ತುದಿ ಸುತ್ತಿ, ಸಮಭಾಜಕ ವೃತ್ತವನ್ನು ಎರಡು ಸಲ ದಾಟಿ, ನಾಲ್ಕೈದು ತಿಂಗಳ ಪಯಣದಲ್ಲಿ ಶಾಖಕ್ಕೂ ಅಲುಗಾಟಕ್ಕೂ ಅದು ಬೇಗ ಮಾಗಿ ಬರುತ್ತಿತ್ತು. ಸರಿ. ಆದರೆ ಅದು ತಿಂಗಳುಗಳ ಲೆಕ್ಕ, ವರ್ಷಗಳದ್ದಲ್ಲ. ಬಂದಿಳಿದ ಮೇಲೆ ಯಾರೂ ಅಟ್ಟದ ಮೇಲಿಡುತ್ತಿರಲಿಲ್ಲ. ಅದೂ ಅಲ್ಲದೆ ಆ ಪೀಪಾಯಿಗಳಲ್ಲಿ ಇದ್ದದ್ದು ನಮ್ಮ ಸ್ಟ್ರಾಂಗ್ ಲಾಗರ್ ಅಲ್ಲ.

ಬೆಂಗಳೂರಿನಲ್ಲಿ ನಿಜವಾಗಿಯೂ ಆಸೆ ಇರುವವರು ಇದ್ದರೆ ದಾರಿ ಇಲ್ಲ ಅಂತಲ್ಲ. ಬ್ರೂ ಪಬ್ಬಿನ ನಲ್ಲಿ ಬಿಯರ್ ಹೊಸದಾಗಿ ಅಲ್ಲೇ ಕುಡಿಯುವಂಥದ್ದು, ಅದನ್ನು ಇಡುವ ಯೋಚನೆ ಬಿಡಿ. ಯುರೋಪಿನಿಂದ ಬರುವ ನೆಂಟರ ಕೈಲಿ ತರಿಸಿ. ಸುಂಕ ಇಲ್ಲದೆ ತರಬಹುದಾದದ್ದು ಎರಡು ಲೀಟರ್, ಅಂದರೆ 33 ಸೆಂಟಿಲೀಟರಿನ ಸರಿಯಾಗಿ ಆರು ಬಾಟಲಿ, ಅಜ್ಜ ಹೇಳಿದ ಲೆಕ್ಕವೇ ಆಯಿತು. ವೈನ್ ಇಡುವ ಪುಟ್ಟ ಫ್ರಿಜ್ ಇದ್ದರೆ 12 ಡಿಗ್ರಿಗೆ ಇಡಿ. ಇಲ್ಲದಿದ್ದರೆ ಮನೆಯ ಫ್ರಿಜ್ಜಿನ ಹಿಂದಿನ ಮೂಲೆಯಲ್ಲಿ ನಿಲ್ಲಿಸಿ, ಬಾಗಿಲಲ್ಲಿ ಬೇಡ, ದಿನಕ್ಕೆ ಐವತ್ತು ಸಲ ಅಲುಗುತ್ತದೆ. ಅಲ್ಲಿ ಮಾಗುವುದು ನಿಧಾನ, ಆದರೆ ಹಾಳಾಗುವುದೂ ನಿಧಾನ. ಯುಪಿಎಸ್ ಬ್ಯಾಟರಿ ಪಕ್ಕ, ಮೆಟ್ಟಿಲ ಕೆಳಗೆ, ಕಾರಿನ ಡಿಕ್ಕಿಯಲ್ಲಿ ಇಡುವವರನ್ನೂ ನೋಡಿದ್ದೇನೆ. ಬೇಡ. ಮೊದಲನೆಯದನ್ನು ಬಂದ ವಾರವೇ ಕುಡಿದು ಹೇಗಿತ್ತು ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಆಮೇಲೆ ವರ್ಷಕ್ಕೊಂದು ತೆಗೆಯಿರಿ. ಹಿಂದಿನ ವರ್ಷಕ್ಕಿಂತ ಇಳಿದಿದೆ ಅನ್ನಿಸಿದ ದಿನ ಉಳಿದದ್ದನ್ನು ಮುಗಿಸಿಬಿಡಿ.

ನನ್ನ ನೆಲಮಾಳಿಗೆಯಲ್ಲಿ ಈಗ ಐದು ವರ್ಷ ದಾಟಿದ್ದು ಒಂದೂ ಇಲ್ಲ. ಡಿಸೆಂಬರಿನ ಆ ಸಂಜೆ ಆದಮೇಲೆ ಉಳಿದ ಹಳೆಯ ಬಾಟಲಿಗಳನ್ನು ಎರಡು ಮೂರು ವಾರಾಂತ್ಯದಲ್ಲಿ ತೆಗೆದು ಹಂಚಿದೆವು. ಕೆಲವು ಚೆನ್ನಾಗಿದ್ದವು, ಅರ್ಧದಷ್ಟು ಸಿಂಕಿಗೆ ಹೋದವು. ಖಾಲಿಯಾದ ಶೆಲ್ಫಿನಲ್ಲಿ ಈಗ ಅಪ್ಪೆಮಿಡಿಯ ಭರಣಿ ಬಂದು ಕೂತಿದೆ, ಹೆಂಡತಿ ಮೊದಲ ದಿನ ಹೇಳಿದ ಹಾಗೇ.

ಅಕ್ಕನ ಮಗ ಬಾಕ್ಸ್ ಇಳಿಸಿದ. ವಿಡಿಯೋ ಕಾಲಿನಲ್ಲಿ ಒಂದು ತೆಗೆದು, "ಏನೂ ಆಗಿಲ್ಲ ಮಾಮ, ಚೆನ್ನಾಗೇ ಇದೆ" ಅಂದ. ಒಂದೇ ತಿಂಗಳಾಗಿತ್ತಲ್ಲ, ಬದುಕಿಕೊಂಡಿದೆ. ಆದರೆ ನಿಮ್ಮ ಪುರವಣಿ ಓದಿ ಅಟ್ಟ ಹತ್ತಿಸಿದವನು ಅವನೊಬ್ಬನೇ ಆಗಿರಲಾರ. ಅದೇ ಪುಟದಲ್ಲಿ, ಅದೇ ಜಾಗದಲ್ಲಿ, ಒಂದು ಸಣ್ಣ ತಿದ್ದುಪಡಿ ಹಾಕಿ ಅಂತ ಕೇಳಿಕೊಳ್ಳುತ್ತೇನೆ. ಬೇಸಿಗೆ ಬರುವುದರೊಳಗೆ ಹಾಕಿದರೆ ಒಳ್ಳೆಯದು.

ಇಂತಿ,
ನಿಮ್ಮ ಓದುಗ,
ಲ್ಯೂವೆನ್, ಬೆಲ್ಜಿಯಂ